ಓದುಗರ ಪ್ರಶ್ನೆ: ರಾತ್ರಿ ಪಾಳಿಯವರಿಗೆ ವಾಕ್ಯಧ್ಯಾನ ಹೇಗೆ?

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ನರ್ಸ್. ತಿಂಗಳಲ್ಲಿ ಎರಡು ವಾರ ರಾತ್ರಿ ಪಾಳಿ ಇರುತ್ತದೆ. ವರ್ಷದೊಳಗೆ ಇಡೀ ಸತ್ಯವೇದವನ್ನು (ಬೈಬಲನ್ನು) ಓದಿ ಮುಗಿಸಬೇಕೆಂದು ಜನವರಿಯಲ್ಲಿ ಆರಂಭಿಸಿದವಳು ಮೂರನೆಯ ಪುಸ್ತಕವಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಲ್ಲಿಸಿಬಿಟ್ಟೆ. ನಸುಕಿನಲ್ಲಿ ಎದ್ದು ಧ್ಯಾನ ಮಾಡಬೇಕೆಂದು ಸಭೆಯಲ್ಲಿ ಹೇಳುತ್ತಾರೆ. ಆ ಹೊತ್ತಿನಲ್ಲಿ ನಾನು ಇಂಜೆಕ್ಷನ್ ಟ್ರೇ ಹಿಡಿದು ವಾರ್ಡಿನಲ್ಲಿರುತ್ತೇನೆ. ನನ್ನಂಥವರು ಏನು ಮಾಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಸಹೋದರಿ, ಓದುವುದು ಮತ್ತು ಧ್ಯಾನಿಸುವುದು ಎಂಬ ಎರಡು ಬೇರೆ ಬೇರೆ ಕೆಲಸಗಳು ನಿಮ್ಮ ಪತ್ರದಲ್ಲಿ ಒಂದಾಗಿ ಬೆರೆತಿವೆ. ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ ಒಟ್ಟು 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯಗಳಾದರೂ ಸಾಗಬೇಕು. ಹಾಗೆ ಓದುವುದು ಒಳ್ಳೆಯದೇ, ಆದರೆ ಅದನ್ನು ಮೂರು ವರ್ಷಕ್ಕೆ ಹಂಚಿಕೊಂಡರೆ ಯಾರೂ ನಿಮ್ಮನ್ನು ಕೇಳುವವರಿಲ್ಲ. ಧ್ಯಾನದ ಅಳತೆ ಅಧ್ಯಾಯಗಳಲ್ಲಿಲ್ಲ.

ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯನೆಂದು ಸತ್ಯವೇದದ ಕೀರ್ತನೆಗಳ ಪುಸ್ತಕದ ಮೊದಲನೆಯ ಕೀರ್ತನೆ ಹೇಳುವಲ್ಲಿ ಮೂಲ ಹೀಬ್ರೂ ಭಾಷೆಯಲ್ಲಿರುವ ಪದ ‘ಹಾಗಾ’. ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ (ಯೆಶಾಯ 31:4) ಪಾರಿವಾಳದ ನರಳುವ ದನಿಗೂ (ಯೆಶಾಯ 38:14) ಇದೇ ಪದ ಬಳಕೆಯಾಗಿದೆ. ಅಂದರೆ ಅದು ಕಣ್ಮುಚ್ಚಿ ಮೌನವಾಗಿ ಕೂರುವುದಕ್ಕಿಂತ ಹೆಚ್ಚಾಗಿ, ಮೆಲುದನಿಯಲ್ಲಿ ಗುನುಗುವುದು. ಧರ್ಮಶಾಸ್ತ್ರವು ನಿನ್ನ ಬಾಯಿಂದ ತಪ್ಪದಿರಲಿ ಎಂದು ಯೆಹೋಶುವನಿಗೆ ಹೇಳಿದ ಮಾತು (1:8) ಸಹ ಬಾಯನ್ನೇ ಹೆಸರಿಸುತ್ತದೆ, ಕಣ್ಣನ್ನಲ್ಲ. ‘ಮೆಲುಕು ಹಾಕುವುದು’ ಎಂಬ ನಮ್ಮ ಮಾತು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಹಸು ಮೇಯುವ ಹೊತ್ತು ಬೇರೆ, ಮೆಲುಕು ಹಾಕುವ ಹೊತ್ತು ಬೇರೆ. ಮೇಯುವುದಕ್ಕೆ ನಿಮಗೆ ಹತ್ತು ನಿಮಿಷ ಸಿಕ್ಕರೂ ಸಾಕು. ಮೆಲುಕಿಗೆ ಬಿಡುವಾದ ಕೈಗಳೂ ಬೇಕಿಲ್ಲ, ನಸುಕಿನ ಹೊತ್ತೇ ಆಗಬೇಕೆಂದೂ ಇಲ್ಲ. ತನ್ನ ಹಾಸಿಗೆಯಲ್ಲಿ, ರಾತ್ರಿಯ ಜಾವಗಳಲ್ಲಿ ದೇವರನ್ನು ಧ್ಯಾನಿಸಿದೆನೆಂದು 63ನೆಯ ಕೀರ್ತನೆಯ ಕವಿಯೇ ಹೇಳಿಕೊಂಡಿದ್ದಾನೆ.

121ನೆಯ ಕೀರ್ತನೆಯಿಂದ ಆರಂಭಿಸಿ. ಎಂಟೇ ವಚನಗಳ ಯಾತ್ರಾಗೀತೆ, ಅಂದರೆ ಯೆರೂಸಲೇಮಿಗೆ ಹೋಗುವ ಯಾತ್ರಿಕರ ಹಾಡು ಅದು. ಇಸ್ರಾಯೇಲನ್ನು ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂಬ ನಾಲ್ಕನೆಯ ವಚನವನ್ನು ಚೀಟಿಯೊಂದರಲ್ಲಿ ನಿಮ್ಮ ಕೈಯಾರೆ ಬರೆದು ಸಮವಸ್ತ್ರದ ಜೇಬಿನಲ್ಲಿಟ್ಟುಕೊಳ್ಳಿ. ‘ಕಾಯು’ ಎಂಬರ್ಥದ ಹೀಬ್ರೂ ಪದ ಈ ಪುಟ್ಟ ಕೀರ್ತನೆಯಲ್ಲಿ ಆರು ಸಲ ಬರುತ್ತದೆ. ಒಂದೊಂದು ರಾತ್ರಿ ಅದರಲ್ಲಿ ಒಂದನ್ನು ಮಾತ್ರ ಹಿಡಿದುಕೊಳ್ಳಿ. ಮೂರು ಗಂಟೆಯ ಹೊತ್ತಿಗೆ ರೆಪ್ಪೆ ಭಾರವಾಗಿ, ಮಾನಿಟರಿನ ಸದ್ದಿಗೆ ಬೆಚ್ಚಿ ಎಚ್ಚರಾದಾಗ ‘ತೂಕಡಿಸುವುದಿಲ್ಲ’ ಎಂಬ ಪದ ನಿಮಗೆ ತಿಳಿಯುವಷ್ಟು ನಮ್ಮಂಥ ಹಗಲಿನವರಿಗೆ ತಿಳಿಯಲಾರದು. ಏಳನೆಯ ಹಾಸಿಗೆಯ ಅಜ್ಜನನ್ನು ನೀವು ಕಾಯುತ್ತಿದ್ದೀರಿ, ನಿಮ್ಮಿಬ್ಬರನ್ನೂ ಕಾಯುವಾತ ಬೇರೊಬ್ಬನಿದ್ದಾನೆ ಎಂಬುದು ಅಲ್ಲಿ ಬೋಧನೆಯಾಗಿ ಉಳಿಯುವುದಿಲ್ಲ. ಅಜ್ಜನ ಹೆಸರು ಸೇರಿ ಪ್ರಾರ್ಥನೆಯೇ ಆಗಿಬಿಡುತ್ತದೆ. (ಕನ್ನಡದಲ್ಲಿ ‘ಕಾಯು’ ಎಂದರೆ ಎದುರುನೋಡು ಎಂಬ ಅರ್ಥವೂ ಇದೆ. ಅದು ನಮ್ಮ ಭಾಷೆಯ ಸಂಪತ್ತು, ಹೀಬ್ರೂ ಪದದ್ದಲ್ಲ; ಸವಿಯಬಹುದು, ಆದರೆ ಅದರ ಮೇಲೆ ಸಿದ್ಧಾಂತ ಕಟ್ಟಬಾರದು.)

ಔಷಧದ ಪ್ರಮಾಣ ನೋಡುವಾಗ ಮಾತ್ರ ಮನಸ್ಸು ಪೂರ್ತಿಯಾಗಿ ಔಷಧದ ಮೇಲೆಯೇ ಇರಲಿ. ಪಾಳಿ ಮುಗಿದ ಮೇಲೆ ಮೊದಲು ಮಲಗಿ. ನಿದ್ದೆಗೆಟ್ಟು ಓದಿದರೆ ಭಕ್ತಿ ಹೆಚ್ಚುತ್ತದೆಂಬುದನ್ನು ನಾನು ಒಪ್ಪುವುದಿಲ್ಲ. ಬದುಕು ಸಾಕೆಂದು ಜಾಲಿಯ ಗಿಡದಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ತಿಂದು ಅವನು ಮತ್ತೆ ಮಲಗಿದ. ದೇವರ ಮಾತು ಅವನಿಗೆ ಕೇಳಿಸಿದ್ದು ಆಮೇಲೆ.

ಒಂದು ವಾರ ಕಳೆದ ಮೇಲೂ ಆ ವಚನದಲ್ಲಿ ರಸ ಉಳಿದಿದ್ದರೆ ಬದಲಿಸಬೇಡಿ. ಬದಲಿಸುವ ಹೊತ್ತು ಬಂದಾಗ 134ನೆಯ ಕೀರ್ತನೆಯನ್ನು ತೆಗೆದುಕೊಳ್ಳಿ. ಮೂರೇ ವಚನಗಳು, ಯಾತ್ರಾಗೀತೆಗಳಲ್ಲಿ ಕೊನೆಯದು. ರಾತ್ರಿವೇಳೆ ಕರ್ತನ ಆಲಯದಲ್ಲಿ ನಿಂತು ಸೇವೆ ಮಾಡುವವರನ್ನು ಕುರಿತು ಹಾಡಿದ್ದು.