ಹತ್ತು ವರ್ಷದ ಮಗಳನ್ನು ಸ್ಲೀಪ್‌ಅವೇ ಕ್ಯಾಂಪಿಗೆ ಕಳಿಸಬಹುದಾ?

ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಮಗಳ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಬೇಸಿಗೆಯಲ್ಲಿ ಸ್ಲೀಪ್‌ಅವೇ ಕ್ಯಾಂಪಿಗೆ (ಮನೆ ಬಿಟ್ಟು ರಾತ್ರಿಯೂ ಅಲ್ಲೇ ಉಳಿಯುವ ಬೇಸಿಗೆ ಶಿಬಿರ) ಹೋಗುತ್ತಾರಂತೆ, ಇವಳೂ ಹಟ ಹಿಡಿದಿದ್ದಾಳೆ, ಗುರುತಿಲ್ಲದವರ ಜೊತೆ ಬಿಟ್ಟರೆ ಮಗು ಹೇಗಾಗಿ ವಾಪಸ್ ಬರುತ್ತೋ ಅಂತ ಕೇಳಿದ್ದೀರಿ. "ದುಡ್ಡು ಕೊಟ್ಟು ಮಗೂನ ಹಾಸ್ಟೆಲಿಗೆ ಹಾಕ್ತೀರಾ?" ಅಂತ ನಿಮ್ಮ ಅತ್ತೆ ಕೇಳಿದರಂತೆ. ನಮ್ಮತ್ತೆಯೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು!

ನನ್ನ ಇಬ್ಬರು ಮಕ್ಕಳೂ ಹೋಗಿ ಬಂದವರು. ದೊಡ್ಡವಳು ಆಮೇಲೆ ಕೌನ್ಸೆಲರ್ ಆಗಿ, ಅಂದರೆ ಕ್ಯಾಂಪಿನಲ್ಲಿ ಮಕ್ಕಳ ಜೊತೆಗಿದ್ದು ನೋಡಿಕೊಳ್ಳುವವಳಾಗಿ, ಕೆಲಸವನ್ನೂ ಮಾಡಿದಳು.

ಇಲ್ಲಿಯವರಿಗೆ ಇದು ತುಂಬಾ ಹಳೇ ರೂಢಿ. 1861ರಲ್ಲಿ ಕನೆಕ್ಟಿಕಟ್‌ನ ಫ್ರೆಡರಿಕ್ ಗನ್ ಎಂಬ ಮೇಷ್ಟ್ರು ತಮ್ಮ ಶಾಲೆಯ ಹುಡುಗರನ್ನು ನಡೆಸಿಕೊಂಡು ಹೋಗಿ ಸಮುದ್ರದ ಹತ್ತಿರ ಟೆಂಟು ಹಾಕಿಸಿದ್ದೇ ಮೊದಲನೆಯದು ಎನ್ನುತ್ತಾರೆ. 1885ರಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಜನ ಸಂಸ್ಥೆಯವರು ಶುರು ಮಾಡಿದ ಕ್ಯಾಂಪ್ ಡಡ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಈಗಲೂ ನಡೆಯುತ್ತಿದೆ. ತಾತ ಹೋದ ಕ್ಯಾಂಪಿಗೇ ಮೊಮ್ಮಗನೂ ಹೋಗುವ ಮನೆಗಳಿವೆ. ಹಾಗಾಗಿ ನಿಮ್ಮ ಮಗಳ ಗೆಳತಿಯರ ಅಪ್ಪ ಅಮ್ಮನಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣುವುದಿಲ್ಲ. ನಮಗೆ ಕಾಣುತ್ತೆ.

ನಮ್ಮವರು ಕೆಲವರು "ನಾವು ರಜೆಗೆ ಅಜ್ಜಿ ಮನೆಗೆ ಹೋಗ್ತಿದ್ದೆವಲ್ಲ, ಹಾಗೇ" ಅಂತ ಸಮಾಧಾನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಜ್ಜಿ ಮನೆಯಲ್ಲಿ ನಾವು ಇಂಥವರ ಮಗಳು, ಇಂಥವರ ಮೊಮ್ಮಗಳು. ಕ್ಯಾಂಪಿನಲ್ಲಿ ಮಗು ಯಾರ ಮನೆಯದ್ದೂ ಅಲ್ಲ. ಅವಳ ಮಾರ್ಕ್ಸ್ ಎಷ್ಟು, ಅಪ್ಪ ಏನು ಕೆಲಸ, ಹೋದ ವರ್ಷ ಸ್ಟೇಜ್ ಮೇಲೆ ಅತ್ತಿದ್ದಳಾ, ಅಲ್ಲಿ ಯಾರಿಗೂ ಗೊತ್ತಿಲ್ಲ. ಮಕ್ಕಳನ್ನು ಬೆಳೆಸುವುದು ಇದೇ ಅಂತ ನನ್ನ ಅನಿಸಿಕೆ. ಈಜು, ಕಯಾಕ್, ಬಿಲ್ಲುಬಾಣ ಎಲ್ಲ ಆಮೇಲಿನ ಮಾತು.

ಒಂದು ಉದಾಹರಣೆ ಹೇಳುತ್ತೇನೆ. ನಾವು ಸಸ್ಯಾಹಾರಿಗಳು. ಎಲ್ಲಿ ಊಟಕ್ಕೆ ಹೋದರೂ "ಈ ಸೂಪಿನಲ್ಲಿ ಚಿಕನ್ ಬ್ರಾತ್ ಇದೆಯಾ?" ಅಂತ ಕೇಳುತ್ತಿದ್ದವಳು ನಾನು, ಮಗಳು ಮುಜುಗರದಿಂದ ಮೆನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಕ್ಯಾಂಪಿನ ಮೆಸ್ ಹಾಲಿನಲ್ಲಿ ಅವಳಿಗೆ ಬೇರೆ ದಾರಿ ಇರಲಿಲ್ಲ. ಟ್ರೇ ಹಿಡಿದುಕೊಂಡು ಹೋಗಿ ಅಡುಗೆಯವರನ್ನೇ ಕೇಳಬೇಕಿತ್ತು, ಇಲ್ಲದಿದ್ದರೆ ಬ್ರೆಡ್ಡೇ ಗತಿ. ವಾಪಸ್ ಬಂದ ಮೇಲೆ ಹೋಟೆಲಿನಲ್ಲಿ ನಾನು ಬಾಯಿ ತೆರೆಯುವ ಮುಂಚೆ ಅವಳೇ ಕೇಳಿ ಮುಗಿಸಿರುತ್ತಿದ್ದಳು.

ಜಡೆಯದ್ದೂ ಹಾಗೇ. ಸೊಂಟದವರೆಗಿನ ಕೂದಲು, ದಿನಾ ನಾನೇ ಹೆಣೆಯುತ್ತಿದ್ದೆ. ಅಲ್ಲಿ ಒಂದೇ ಕ್ಯಾಬಿನ್‌ನಲ್ಲಿ ಮಲಗುವ ಹುಡುಗಿಯರು ಸಂಜೆ ಬಂಕ್ ಮೇಲೆ ಸಾಲಾಗಿ ಕೂತು ಒಬ್ಬರಿಗೊಬ್ಬರು ಹೆಣೆದುಕೊಳ್ಳುತ್ತಿದ್ದರಂತೆ. ನನಗೇ ಬಾರದ ಎರಡು ಮೂರು ಥರದ ಜಡೆ ಕಲಿತುಬಂದಳು. (ಕೂದಲಲ್ಲಿ ಹೇನೂ ಬಂದಿತ್ತು. ಅದಕ್ಕೂ ತಯಾರಿರಿ, ಉಣ್ಣಿಗೂ.)

ಇನ್ನೊಂದು ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಕೌನ್ಸೆಲರ್‌ಗಳು ಹೆಚ್ಚಾಗಿ ಹತ್ತೊಂಬತ್ತು ಇಪ್ಪತ್ತರ ಕಾಲೇಜು ಹುಡುಗ ಹುಡುಗಿಯರು. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅಣ್ಣ ಅಕ್ಕ ಎನ್ನುವ ವಯಸ್ಸಿನವರು ಸಿಗುವುದೇ ಕಮ್ಮಿ. ಅಮ್ಮನಿಗೆ ಹೇಳಲಾಗದ್ದನ್ನು ಅವರಿಗೆ ಹೇಳಿಕೊಳ್ಳುತ್ತಾರೆ.

ಎಲ್ಲ ಸೊಗಸಾಗಿರುತ್ತೆ ಅಂತ ಅಲ್ಲ. ಬಹಳ ಕ್ಯಾಂಪುಗಳಲ್ಲಿ ಫೋನ್ ಬಿಡುವುದಿಲ್ಲ, ಕಾಗದ ಬರೆಯಬೇಕು. ಮೊದಲ ಕಾಗದದಲ್ಲಿ "ಈಗಲೇ ಬಂದು ಕರ್ಕೊಂಡು ಹೋಗಿ" ಅಂತ ಇದ್ದೇ ಇರುತ್ತೆ. ಅಂಚೆಯಲ್ಲಿ ಅದು ನಿಮಗೆ ತಲುಪುವ ಹೊತ್ತಿಗೆ ಮಗು ದೋಣಿಯಲ್ಲಿ ಕೂತು ನಗುತ್ತಿರುವ ಫೋಟೋವನ್ನು ಕ್ಯಾಂಪಿನವರು ಹಾಕಿರುತ್ತಾರೆ. ಮನೆ ನೆನಪು ಸಹಜ. "ಬೇಜಾರಾದರೆ ಬಂದು ಕರ್ಕೊಂಡು ಬರ್ತೀವಿ" ಅಂತ ಮಾತ್ರ ಮೊದಲೇ ಮಾತು ಕೊಡಬೇಡಿ. ಕೊಟ್ಟರೆ ಅದೇ ಅವಳ ತಲೆಯಲ್ಲಿ ಕೂರುತ್ತೆ. ಇಡೀ ಕ್ಯಾಬಿನ್ ಒಬ್ಬಳನ್ನು ದೂರ ಇಡುವುದೂ ಉಂಟು. ನನ್ನ ಚಿಕ್ಕವನಿಗೆ ಒಂದು ವರ್ಷ ಸರಿಹೋಗಲೇ ಇಲ್ಲ, ಮತ್ತೆ ಆ ಕ್ಯಾಂಪಿಗೆ ಕಳಿಸಲಿಲ್ಲ.

ದುಡ್ಡಿನ ವಿಷಯ. ಮೇಯ್ನ್ ಕಡೆಯ ಏಳು ವಾರದ ಖಾಸಗಿ ಕ್ಯಾಂಪುಗಳು 15,000 ಡಾಲರ್ ದಾಟುತ್ತವೆ. ಅದು ನಮಗೆ ಬೇಕಾಗಿಯೂ ಇಲ್ಲ. ವೈಎಂಸಿಎ, 4-ಎಚ್, ಗರ್ಲ್ ಸ್ಕೌಟ್ಸ್‌ನಂಥ ಮಕ್ಕಳ ಸಂಘಟನೆಗಳವರ ಒಂದು ವಾರದ್ದು ಅದರ ಮುಂದೆ ಎಷ್ಟೋ ಅಗ್ಗ, ಆದಾಯ ನೋಡಿ ಸಹಾಯ ಮಾಡುವವರೂ ಇದ್ದಾರೆ. ಆಫೀಸಿನ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ದುಡ್ಡು (ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಸಂಬಳದಿಂದ ತೆರಿಗೆಯಿಲ್ಲದೆ ಎತ್ತಿಡುವ ಹಣ) ಬೆಳಗ್ಗೆ ಹೋಗಿ ಸಂಜೆ ಬರುವ ಡೇ ಕ್ಯಾಂಪಿಗೆ ನಡೆಯುತ್ತೆ, ರಾತ್ರಿ ಉಳಿಯುವುದಕ್ಕೆ ನಡೆಯಲ್ಲ. ಇದು ಗೊತ್ತಿಲ್ಲದೆ ಲೆಕ್ಕ ಹಾಕಿಕೊಂಡವರು ಬಹಳ ಜನ.

ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಮಾನ್ಯತೆ ಇದೆಯಾ ನೋಡಿ. ಅವರ ಲೆಕ್ಕದಲ್ಲಿ 9ರಿಂದ 14 ವರ್ಷದ ಎಂಟು ಮಕ್ಕಳಿಗೆ ಒಬ್ಬರಾದರೂ ಸಿಬ್ಬಂದಿ ಇರಬೇಕು. ಕೌನ್ಸೆಲರ್ ಮತ್ತು ಮಗು ಇಬ್ಬರೇ ಇರದ ಹಾಗೆ ಏನು ನಿಯಮ ಇಟ್ಟಿದ್ದೀರಿ ಅಂತ ಮುಲಾಜಿಲ್ಲದೆ ಕೇಳಿ. ತಡವರಿಸಿದರೆ ಆ ಕ್ಯಾಂಪ್ ಬಿಟ್ಟುಬಿಡಿ.

ಅವಳೇ ಹಟ ಹಿಡಿದಿದ್ದಾಳೆ ಅಂದಿರಲ್ಲ, ಅದು ಒಳ್ಳೆಯದು. ಮೊದಲ ಸಲ ಒಂದೇ ವಾರ ಸಾಕು, ಗೆಳತಿ ಹೋಗುವ ಕ್ಯಾಂಪಿಗೇ ಸೇರಿಸಿ. ಆರೋಗ್ಯದ ಫಾರಂಗೆ ಡಾಕ್ಟರ್ ಸಹಿ ಬೇಕು. ಇಂಡಿಯಾದ ಲಸಿಕೆ ಕಾರ್ಡನ್ನು ಈಗಲೇ ಇಲ್ಲಿಯ ಪೀಡಿಯಾಟ್ರಿಷನ್ ಹತ್ತಿರ ತೋರಿಸಿ ದಾಖಲೆ ಮಾಡಿಸಿಡಿ, ಜೂನ್‌ನಲ್ಲಿ ಅವರ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ.