ಪ್ರತಿಭಾನ್ವಿತ ಮಕ್ಕಳ ತರಗತಿ ನಿಂತರೆ ನಷ್ಟ ಯಾರಿಗೆ?

ಪ್ರಶ್ನೆ: ನಾವು ಅಮೆರಿಕದಲ್ಲಿ ನೆಲೆಸಿದ್ದೇವೆ. ಮಗಳು ಸಾರ್ವಜನಿಕ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾಳೆ. ವಾರಕ್ಕೊಮ್ಮೆ ಅವಳನ್ನೂ ಇನ್ನು ಕೆಲವು ಮಕ್ಕಳನ್ನೂ ಪ್ರತಿಭಾನ್ವಿತರ ವಿಶೇಷ ತರಗತಿಗೆ ಕರೆದೊಯ್ಯುತ್ತಾರೆ. ಹಣದ ಕೊರತೆಯ ಕಾರಣಕ್ಕೆ ಮುಂದಿನ ವರ್ಷದಿಂದ ಇದನ್ನು ನಿಲ್ಲಿಸುವ ಪ್ರಸ್ತಾವ ಶಾಲಾ ಮಂಡಳಿಯ ಮುಂದಿದೆ. ಸಭೆಯಲ್ಲಿ ಮಾತನಾಡಬೇಕೆಂದಿದ್ದೇನೆ. ಆದರೆ ‘ಇದು ಅನುಕೂಲಸ್ಥರ ಮಕ್ಕಳಿಗಷ್ಟೇ ಸಿಗುವ ಸವಲತ್ತು’ ಎಂಬ ಆಕ್ಷೇಪಕ್ಕೆ ಏನು ಉತ್ತರಿಸಬೇಕೆಂದು ತಿಳಿಯುತ್ತಿಲ್ಲ.

ಉತ್ತರ: ಆ ಆಕ್ಷೇಪವನ್ನು ತಳ್ಳಿಹಾಕಬೇಡಿ. ಇಂಥ ತರಗತಿಗಳಲ್ಲಿ ಬಡವರ, ಕಪ್ಪು ಜನರ ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಕುಟುಂಬಗಳ ಮಕ್ಕಳು ಕಡಿಮೆ ಇರುವುದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಮಕ್ಕಳನ್ನು ಗುರುತಿಸುವ ಕ್ರಮದಲ್ಲಿದೆ. ಎಷ್ಟೋ ಕಡೆ ಶಿಕ್ಷಕರು ಶಿಫಾರಸು ಮಾಡಿದರೆ ಅಥವಾ ತಂದೆತಾಯಿ ಕೇಳಿಕೊಂಡರೆ ಮಾತ್ರ ಮಗುವಿಗೆ ಪರೀಕ್ಷೆ ನಡೆಯುತ್ತದೆ. ಎರಡು ಪಾಳಿ ದುಡಿಯುವ, ಇಂಗ್ಲಿಷ್ ಸರಿಯಾಗಿ ಬಾರದ ತಾಯಿಗೆ ಹಾಗೆ ಕೇಳಬಹುದೆಂಬುದೇ ಗೊತ್ತಿರುವುದಿಲ್ಲ.

ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ನಡೆದದ್ದನ್ನು ನೀವು ಸಭೆಯಲ್ಲಿ ಸಾವಧಾನವಾಗಿ ವಿವರಿಸಬೇಕೆಂದು ನನ್ನ ಒತ್ತಾಯ. ಅದು ದೇಶದ ಅತಿ ದೊಡ್ಡ ಶಾಲಾ ಜಿಲ್ಲೆಗಳಲ್ಲೊಂದು, ಅಂದರೆ ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನೆಲ್ಲ ನಡೆಸುವ ಆಡಳಿತ ಘಟಕ. ಅಲ್ಲಿಯೂ ಮೊದಲು ಶಿಫಾರಸಿನ ಪದ್ಧತಿಯೇ ಇತ್ತು, ಜೊತೆಗೆ ಹಣವುಳ್ಳವರು ಖಾಸಗಿ ಮನಶ್ಶಾಸ್ತ್ರಜ್ಞರಿಂದ ಮಗುವಿನ ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಿಕೊಂಡು ಬರುವ ಅವಕಾಶವೂ ಇತ್ತು. 2005ರ ಸುಮಾರಿಗೆ ಜಿಲ್ಲೆಯು ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ, ಯಾರ ಶಿಫಾರಸನ್ನೂ ಕಾಯದೆ, ಭಾಷೆಯ ನೆರವಿಲ್ಲದೆ ಚಿತ್ರಾಕೃತಿಗಳ ಮೂಲಕ ನಡೆಯುವ ಒಂದು ಪರೀಕ್ಷೆಯನ್ನು ಕೊಡತೊಡಗಿತು. ಅದರಲ್ಲಿ ಮೇಲೆ ಬಂದವರನ್ನು ಮಾತ್ರ ಪೂರ್ಣ ಪರೀಕ್ಷೆಗೆ ಕಳುಹಿಸಿತು. ತರಗತಿಗೆ ಸೇರಲು ಬೇಕಾದ ಕನಿಷ್ಠ ಅಂಕವನ್ನು ಒಂದಿಷ್ಟೂ ಇಳಿಸಲಿಲ್ಲ. ಆದರೂ ಆಯ್ಕೆಯಾದವರಲ್ಲಿ ಬಡ ಮಕ್ಕಳ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಆ ಮಕ್ಕಳು ಹಿಂದೆಯೂ ಅದೇ ಶಾಲೆಗಳಲ್ಲಿ, ಅಷ್ಟೇ ಸಾಮರ್ಥ್ಯವಿಟ್ಟುಕೊಂಡು ಕುಳಿತಿದ್ದರು. ಅವರತ್ತ ಯಾರ ಗಮನವೂ ಹೋಗಿರಲಿಲ್ಲ. ಆಮೇಲೆ ಆರ್ಥಿಕ ಕುಸಿತ ಬಂತು, ಖರ್ಚು ಉಳಿಸಲೆಂದು ಈ ಸಾರ್ವತ್ರಿಕ ಪರೀಕ್ಷೆಯನ್ನು ಕೈಬಿಡಲಾಯಿತು, ಮತ್ತು ಹಳೆಯ ಅಸಮಾನತೆ ಹಾಗೆಯೇ ಮರಳಿತು. ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದವರು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜಿಯುಲಿಯಾನೊ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂದಿದೆ. ಅವರ ಹೆಸರಿಗೆ ಸಭೆಯಲ್ಲಿ ತೂಕವಿರುತ್ತದೆ.

ಹೀಗಾಗಿ ಕಡಿತದ ಏಟು ಯಾರ ಮೇಲೆ ಬೀಳುತ್ತದೆ ಎಂಬುದನ್ನೇ ನಿಮ್ಮ ಮಾತಿನ ಕೇಂದ್ರವಾಗಿಸಿ. ತರಗತಿ ನಿಂತರೆ ಅನುಕೂಲಸ್ಥರು ಖಾಸಗಿ ಶಾಲೆಯನ್ನೋ ವಾರಾಂತ್ಯದ ಗಣಿತದ ತರಗತಿಯನ್ನೋ ಹುಡುಕಿಕೊಳ್ಳುತ್ತಾರೆ; ಬಹುಶಃ ನೀವೂ ಹಾಗೆ ಮಾಡಬಲ್ಲಿರಿ. ಬೇರೆ ದಾರಿಯಿಲ್ಲದ ಮಗುವಿಗೆ ಉಳಿಯುವುದು ಸಾರ್ವಜನಿಕ ಶಾಲೆ ಕೊಟ್ಟಷ್ಟು ಮಾತ್ರ. ‘ನನ್ನ ಮಗಳಿಗೆ ಅನ್ಯಾಯವಾಗುತ್ತದೆ’ ಎಂದು ಮಾತು ತೆಗೆದರೆ ಮಂಡಳಿಯ ಸದಸ್ಯರು ಮರ್ಯಾದೆಗೆ ತಲೆಯಾಡಿಸಿ ಮುಂದಿನವರನ್ನು ಕರೆಯುತ್ತಾರೆ. ಎಲ್ಲ ಮಕ್ಕಳಿಗೂ ಪರೀಕ್ಷೆ ನಡೆಸಿ ಬಾಗಿಲನ್ನು ಅಗಲಿಸಿ ಎಂದು ಕೇಳಿದರೆ, ಇದು ಸವಲತ್ತೆಂದು ಆಕ್ಷೇಪಿಸುವವರೂ ನಿಮ್ಮ ಜೊತೆಗೆ ನಿಲ್ಲಲು ಸಾಧ್ಯವಿದೆ.

ಇನ್ನು ಖರ್ಚಿನ ಮಾತು. ಸಭೆಗೆ ಮುಂಚೆಯೇ ಬಜೆಟ್ ಪ್ರತಿಯನ್ನು ತರಿಸಿ ಓದಿ. ಈ ಕಾರ್ಯಕ್ರಮಕ್ಕೆ ತಗಲುವ ಹಣದಲ್ಲಿ ಶಿಕ್ಷಕರ ಸಂಬಳವೆಷ್ಟು, ಬಸ್ಸಿನ ವೆಚ್ಚವೆಷ್ಟು, ಪರೀಕ್ಷೆಯ ವೆಚ್ಚವೆಷ್ಟು ಎಂದು ಬಿಡಿಸಿ ಕೇಳಿ. ಮಕ್ಕಳನ್ನು ಬೇರೆ ಕಟ್ಟಡಕ್ಕೆ ಸಾಗಿಸುವ ಏರ್ಪಾಡು ದುಬಾರಿಯಾಗಿದ್ದರೆ ಅದನ್ನು ಬದಲಿಸಲು ಒಪ್ಪಿಕೊಳ್ಳಿ. ಅದೇ ಇಬ್ಬರು ಸಂಶೋಧಕರು ಅದೇ ಬ್ರೋವರ್ಡ್ ಶಾಲಾ ಜಿಲ್ಲೆಯ ಇನ್ನೊಂದು ವ್ಯವಸ್ಥೆಯನ್ನೂ ಪರಿಶೀಲಿಸಿದ್ದರು. ಅಲ್ಲಿ ಪ್ರತಿಭಾನ್ವಿತರೆಂದು ಗುರುತಿಸಲಾದ ಮಕ್ಕಳಿರುವ ಶಾಲೆಗಳಲ್ಲಿ ಅವರಿಗಾಗಿ ಒಂದು ತರಗತಿ ತೆರೆದು, ಮಿಕ್ಕ ಸ್ಥಾನಗಳನ್ನು ಹಿಂದಿನ ವರ್ಷ ಹೆಚ್ಚು ಅಂಕ ಪಡೆದ ಮಕ್ಕಳಿಂದ ತುಂಬುತ್ತಿದ್ದರು. ತರಗತಿಯ ಗಾತ್ರ ಮಾಮೂಲಿನಷ್ಟೇ ಇದ್ದುದರಿಂದ ಹೆಚ್ಚುವರಿ ವೆಚ್ಚ ಅಲ್ಪವೇ. ಹೀಗೆ ಸೇರಿಕೊಂಡ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಓದಿನಲ್ಲೂ ಗಣಿತದಲ್ಲೂ ಬಹಳ ಮುಂದೆ ಬಂದರು. ಇತರ ತರಗತಿಗಳಲ್ಲಿ ಉಳಿದ ಮಕ್ಕಳಿಗೆ ಇದರಿಂದ ಹಾನಿಯಾದದ್ದು ಕಂಡುಬರಲಿಲ್ಲ.

ಪ್ರಶ್ನೆ: ನಾನು ಶಿಕ್ಷಕಿ. ಜಾಣ ಮಕ್ಕಳು ಹೇಗೂ ಮುಂದೆ ಬರುತ್ತಾರೆ. ಹಣ ಕಡಿಮೆಯಿರುವಾಗ ಹಿಂದುಳಿದವರಿಗೇ ಅದನ್ನು ಕೊಡುವುದು ನ್ಯಾಯವಲ್ಲವೇ?

ಉತ್ತರ: ಹಿಂದುಳಿದ ಮಕ್ಕಳಿಗೆ ಮೀಸಲಾದ ಹಣದಲ್ಲಿ ಒಂದು ಬಿಡಿಗಾಸನ್ನೂ ಮುಟ್ಟಬಾರದೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ‘ಹೇಗೂ ಮುಂದೆ ಬರುತ್ತಾರೆ’ ಎಂಬುದನ್ನು ನಾನು ಒಪ್ಪಲಾರೆ. ನಿಮ್ಮ ತರಗತಿಯಲ್ಲೇ ನೋಡಿರುತ್ತೀರಿ: ಇಪ್ಪತ್ತು ಲೆಕ್ಕಗಳ ಹಾಳೆಯನ್ನು ಒಂದು ಮಗು ಐದು ನಿಮಿಷದಲ್ಲಿ ಮುಗಿಸುತ್ತದೆ. ಅದಕ್ಕೆ ಅಂಥವೇ ಇನ್ನಿಪ್ಪತ್ತು ಲೆಕ್ಕಗಳ ಹಾಳೆ ಸಿಗುತ್ತದೆ, ಇಲ್ಲವೇ ಪಕ್ಕದವರಿಗೆ ಹೇಳಿಕೊಡುವ ಕೆಲಸ ಸಿಗುತ್ತದೆ. ಕೆಲವೇ ದಿನಗಳಲ್ಲಿ ಅದು ಬೇಗ ಮುಗಿಸುವುದನ್ನೇ ಬಿಟ್ಟು ಪೆನ್ಸಿಲ್ ಉರುಳಿಸುತ್ತಾ ಕಿಟಕಿಯತ್ತ ನೋಡತೊಡಗುತ್ತದೆ. ಹೀಗೆ ವರ್ಷಗಟ್ಟಲೆ ಕಳೆದ ಮಗು ತಿಣುಕಾಡಿ ಕಲಿಯುವುದನ್ನು ರೂಢಿಸಿಕೊಂಡಿರುವುದಿಲ್ಲವಾದ್ದರಿಂದ, ಮೊದಲ ಬಾರಿ ನಿಜವಾಗಿ ಕಷ್ಟದ ಪಾಠ ಎದುರಾದಾಗ ತಾನು ದಡ್ಡನೆಂದೇ ಬಗೆದು ಕೈಚೆಲ್ಲಿಬಿಡಬಹುದು. ಗಣಿತದಲ್ಲಿ ಅಸಾಮಾನ್ಯ ಚುರುಕಾಗಿದ್ದು ಓದುವುದರಲ್ಲಿ ತೀವ್ರ ತೊಡಕಿರುವ ಮಕ್ಕಳೂ ಇದ್ದಾರೆ. ಅವರಲ್ಲಿ ಒಂದು ಇನ್ನೊಂದನ್ನು ಮರೆಮಾಡುವುದರಿಂದ ಎರಡೂ ಬಗೆಯ ನೆರವು ತಪ್ಪಿಹೋಗುತ್ತದೆ. ಅವರನ್ನು ಗುರುತಿಸಲು ತರಬೇತಾದ ಶಿಕ್ಷಕರು ಬೇಕು, ಮತ್ತು ಕಡಿತ ಬಂದಾಗ ಮೊದಲು ಹೋಗುವುದು ಆ ಹುದ್ದೆಗಳೇ.

ಪ್ರಶ್ನೆ: ಇಂಥ ಕಾರ್ಯಕ್ರಮಗಳಿಗೆ ಅಮೆರಿಕದಲ್ಲಿ ಕಾನೂನಿನ ರಕ್ಷಣೆ ಇಲ್ಲವೇ?

ಉತ್ತರ: ಒಕ್ಕೂಟದ ಮಟ್ಟದಲ್ಲಿ ಇಲ್ಲವೆಂದೇ ಹೇಳಬೇಕು. ಅಂಗವಿಕಲ ಮಕ್ಕಳಿಗೆ ತಕ್ಕ ಶಿಕ್ಷಣ ಕೊಡಲೇಬೇಕೆಂಬ ಕಾನೂನು 1975ರಿಂದ ಇದೆ. ಪ್ರತಿಭಾನ್ವಿತರಿಗೆ ಅಂಥ ಹಕ್ಕನ್ನು ಕೊಡುವ ಕಾನೂನು ಇಲ್ಲ. 1988ರ ಜಾವಿಟ್ಸ್ ಕಾಯ್ದೆ ಸಂಶೋಧನೆಗೂ ಅವಕಾಶವಂಚಿತ ಪ್ರತಿಭಾನ್ವಿತರಿಗಾಗಿ ನಡೆಯುವ ಯೋಜನೆಗಳಿಗೂ ಸಣ್ಣ ಮೊತ್ತದ ಅನುದಾನ ಕೊಡುತ್ತದೆ, ಅಷ್ಟೇ. 2011ರಲ್ಲಿ ಆ ಅನುದಾನವನ್ನೂ ಪೂರ್ತಿ ನಿಲ್ಲಿಸಲಾಗಿತ್ತು, 2014ರಲ್ಲಿ 50 ಲಕ್ಷ ಡಾಲರ್‌ಗಳೊಂದಿಗೆ ಮತ್ತೆ ಆರಂಭವಾಯಿತು. ಉಳಿದದ್ದು ಆಯಾ ರಾಜ್ಯಕ್ಕೆ ಬಿಟ್ಟ ವಿಷಯ. ಪೆನ್ಸಿಲ್ವೇನಿಯಾದಲ್ಲಿ ಪ್ರತಿಭಾನ್ವಿತವೆಂದು ಗುರುತಿಸಿದ ಪ್ರತಿ ಮಗುವಿಗೂ ಲಿಖಿತ ಶಿಕ್ಷಣ ಯೋಜನೆ ಇರಬೇಕೆಂಬ ನಿಯಮವಿದೆ. ಕೆಲವು ರಾಜ್ಯಗಳು ಕಡ್ಡಾಯ ಮಾಡಿಯೂ ಹಣ ಕೊಡುವುದಿಲ್ಲ, ಇನ್ನು ಕೆಲವು ಎರಡನ್ನೂ ಮಾಡುವುದಿಲ್ಲ. ಆದ್ದರಿಂದ ನಿಮ್ಮ ರಾಜ್ಯದ ನಿಯಮವನ್ನು ಮೊದಲು ಓದಿ. ಅಲ್ಲಿ ಕಡ್ಡಾಯವಿದ್ದರೆ ಶಾಲಾ ಮಂಡಳಿ ಕಾರ್ಯಕ್ರಮದ ರೂಪವನ್ನು ಬದಲಿಸಬಹುದೇ ಹೊರತು ಅದನ್ನು ಪೂರ್ತಿ ನಿಲ್ಲಿಸುವಂತಿಲ್ಲ, ಮತ್ತು ಆ ಮಾತನ್ನು ನಿಯಮದ ಸಂಖ್ಯೆಯ ಸಮೇತ ಮತದಾನಕ್ಕೆ ಮೊದಲೇ ಬರವಣಿಗೆಯಲ್ಲಿ ಸಲ್ಲಿಸುವುದು ಒಳ್ಳೆಯದು. ಕಡ್ಡಾಯವಿಲ್ಲದಿದ್ದರೆ ನಿಮ್ಮ ಮನವಿ ಮಂಡಳಿಗಷ್ಟೇ ಸಾಲದು, ರಾಜ್ಯದ ಶಾಸಕರಿಗೂ ಹೋಗಬೇಕು.