ಬೋಗುಣಿಯ ತಳದಲ್ಲಿ ನೀರೇಕೆ? ಸಲಾಡ್ ಕುರಿತು ಓದುಗರ ಪ್ರಶ್ನೆಗಳು

ಈ ಬಾರಿ ಕೈಸೇರಿದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: ನೀರು. ಹಾಗಾಗಿ ಅದರಿಂದಲೇ ಶುರು ಮಾಡೋಣ. ಅಳತೆಗಳಲ್ಲಿ ಟೀ ಚಮಚ ಎಂದರೆ 5 ಮಿ.ಲೀ., ದೊಡ್ಡ ಚಮಚ ಎಂದರೆ 15 ಮಿ.ಲೀ., ಕಪ್ ಎಂದರೆ 240 ಮಿ.ಲೀ.

ಪ್ರಶ್ನೆ: ಸೌತೆಕಾಯಿ, ಟೊಮೆಟೊ ಹೆಚ್ಚಿ ಉಪ್ಪು, ನಿಂಬೆರಸ ಬೆರೆಸಿಟ್ಟರೆ ಊಟಕ್ಕೆ ಕೂರುವಷ್ಟರಲ್ಲಿ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪು ಕಡಿಮೆ ಮಾಡಿದರೂ ಅಷ್ಟೇ. ಏನು ಮಾಡಲಿ?

ಉಪ್ಪನ್ನು ಕಡಿಮೆ ಮಾಡಬೇಡಿ, ಉಪ್ಪು ಹಾಕುವ ಹೊತ್ತನ್ನು ಬದಲಿಸಿ. ಸೌತೆಕಾಯಿಯ ತೂಕದಲ್ಲಿ ಸುಮಾರು ಶೇ 95 ನೀರೇ. ಟೊಮೆಟೊ ಕೂಡ ಹೆಚ್ಚು ಹಿಂದಿಲ್ಲ. ಹೆಚ್ಚಿದ ಹೋಳಿಗೆ ಉಪ್ಪು ತಾಗಿತೋ, ಒಳಗಿನ ನೀರು ಉಪ್ಪಿರುವ ಕಡೆಗೆ ಹರಿದು ಬಂದೇ ಬರುತ್ತದೆ. ಹೇಗೂ ಬರುವ ನೀರು ಬೋಗುಣಿಗೆ ಇಳಿಯುವ ಮೊದಲೇ ಹೊರಗೆ ಹೋಗಲಿ.

500 ಗ್ರಾಂ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ನಡುವಿನ ಬೀಜ, ಲೋಳೆಯನ್ನು ಚಮಚದ ತುದಿಯಿಂದ ಕೆರೆದು ತೆಗೆಯಿರಿ. ಅರ್ಧ ಸೆಂ.ಮೀ. ದಪ್ಪಕ್ಕೆ ಹೆಚ್ಚಿ, ಮುಕ್ಕಾಲು ಟೀ ಚಮಚ ಉಪ್ಪು ಬೆರೆಸಿ ತೂತಿನ ಪಾತ್ರೆಯಲ್ಲಿ 20 ನಿಮಿಷ ಬಿಡಿ. ಆಮೇಲೆ ಒಣ ಬಟ್ಟೆಯ ಮೇಲೆ ಹರಡಿ ಒತ್ತಿ. ತೊಳೆಯಬೇಕಿಲ್ಲ, ಆದರೆ ಡ್ರೆಸ್ಸಿಂಗ್‌ಗೆ (ಸಲಾಡ್ ಮೇಲೆ ಹಾಕುವ ಎಣ್ಣೆ, ಹುಳಿಯ ಮಿಶ್ರಣಕ್ಕೆ) ಬೇರೆ ಉಪ್ಪು ಹಾಕುವ ಮುನ್ನ ಒಂದು ಹೋಳು ಬಾಯಿಗೆ ಹಾಕಿ ನೋಡಿ.

ಟೊಮೆಟೊಗೂ ಇದೇ ಕ್ರಮ, 15 ನಿಮಿಷ ಸಾಕು. ಆದರೆ ಅದರಿಂದ ಇಳಿದ ರಸವನ್ನು ಮಾತ್ರ ಚೆಲ್ಲಬೇಡಿ. ಹುಳಿ, ಸಿಹಿ, ಉಪ್ಪು ಮೂರೂ ಸೇರಿದ ಆ ರಸವನ್ನು ಡ್ರೆಸ್ಸಿಂಗ್‌ನಲ್ಲಿ ಅರ್ಧ ವಿನೆಗರ್‌ಗೆ ಬದಲಾಗಿ ಬಳಸಬಹುದು. ಎಲೆಕೋಸಿಗೆ 500 ಗ್ರಾಂಗೆ ಒಂದು ಟೀ ಚಮಚ ಉಪ್ಪು ಹಾಕಿ, ಎರಡು ನಿಮಿಷ ಕೈಯಲ್ಲಿ ತಿಕ್ಕಿ, ಅರ್ಧ ಗಂಟೆ ಬಿಟ್ಟು ಹಿಂಡಿ. ಹಸಿ ಗಡಸುತನವೂ ಹೋಗುತ್ತದೆ, ಮೇಯನೇಸ್ ಕಲಸಿದರೂ ಅದು ನೀರಾಗುವುದಿಲ್ಲ.

ಪ್ರಶ್ನೆ: ಎಣ್ಣೆ, ವಿನೆಗರ್ ಎಷ್ಟು ಕಲಕಿದರೂ ಕ್ಷಣದಲ್ಲಿ ಬೇರೆಯಾಗುತ್ತವೆ. ಒಮ್ಮೆ ಹುಳಿ ಹೆಚ್ಚು, ಇನ್ನೊಮ್ಮೆ ಬರೀ ಎಣ್ಣೆ. ಸರಿಯಾದ ಅಳತೆ ಯಾವುದು?

ಮೂರು ಪಾಲು ಎಣ್ಣೆಗೆ ಒಂದು ಪಾಲು ಹುಳಿ. ಹುಳಿ ಮುಂದಿರಬೇಕು ಎನ್ನುವವರಿಗೆ ಎರಡಕ್ಕೆ ಒಂದು. ಆದರೆ ಅಳತೆಗಿಂತ ಕ್ರಮ ತಪ್ಪುವುದೇ ಹೆಚ್ಚು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಹರಳು ಹರಳಾಗಿ ತಳ ಸೇರುತ್ತದೆ. ಆದ್ದರಿಂದ ಮೊದಲು ಒಂದು ದೊಡ್ಡ ಚಮಚ ವಿನೆಗರ್ ಅಥವಾ ನಿಂಬೆರಸದಲ್ಲಿ ಕಾಲು ಟೀ ಚಮಚ ಉಪ್ಪು ಕರಗಿಸಿ. ಅದಕ್ಕೆ ಒಂದು ಟೀ ಚಮಚ ಸಾಸಿವೆ ಪೇಸ್ಟ್, ಬೇಕಿದ್ದರೆ ಅಷ್ಟೇ ಜೇನುತುಪ್ಪ. ಕೊನೆಗೆ ಮೂರು ದೊಡ್ಡ ಚಮಚ ಎಣ್ಣೆಯನ್ನು ಎಳೆಯಾಗಿ ಬಿಡುತ್ತಾ ಫೋರ್ಕ್‌ನಿಂದ ಕಲಕಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಮುಚ್ಚಳವಿರುವ ಬಾಟಲಿಗೆ ಹಾಕಿ 20 ಸೆಕೆಂಡ್ ಜೋರಾಗಿ ಕುಲುಕಿ. ಸಾಸಿವೆ ಸಿಪ್ಪೆಯಲ್ಲಿರುವ ಅಂಟು ಎಣ್ಣೆಯ ಸಣ್ಣ ಹನಿಗಳ ಸುತ್ತ ಕೂತು, ಅವು ಮತ್ತೆ ಒಂದುಗೂಡದಂತೆ ತಡೆಯುತ್ತದೆ. ಮೇಯನೇಸ್‌ನಲ್ಲಿ ಮೊಟ್ಟೆಯ ಹಳದಿ ಇದೇ ಕೆಲಸವನ್ನು ಇನ್ನೂ ಗಟ್ಟಿಯಾಗಿ ಮಾಡುತ್ತದೆ. ಸಾಸಿವೆಯ ಡ್ರೆಸ್ಸಿಂಗ್ ಇಟ್ಟಲ್ಲೇ ಕೂತರೆ ಮತ್ತೆ ಬೇರೆಯಾಗುವುದು ಸಹಜ. ಅದು ಕೆಟ್ಟಿಲ್ಲ, ಕುಲುಕಿದರೆ ಸರಿಹೋಗುತ್ತದೆ.

ರುಚಿಯನ್ನು ಚಮಚದಿಂದ ನೋಡಬೇಡಿ, ಬರೀ ಡ್ರೆಸ್ಸಿಂಗ್ ಯಾವಾಗಲೂ ಖಾರವಾಗಿ ಹುಳಿ ಹೊಡೆಯುತ್ತದೆ. ಒಂದು ಎಲೆಯನ್ನು ಅದ್ದಿ, ಒದರಿ, ತಿಂದು ನೋಡಿ. ಪ್ರಮಾಣ: ಒತ್ತಿ ತುಂಬಿದ ಎರಡು ಕಪ್ ಸೊಪ್ಪಿಗೆ ಒಂದು ದೊಡ್ಡ ಚಮಚ ಸಾಕು. ಕಡಿಮೆ ಅನ್ನಿಸಿದರೂ ಮೊದಲು ಅಷ್ಟನ್ನೇ ಹಾಕಿ, ಕೈಯಿಂದ ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಬೆರೆಸಿ. ಎಲೆ ಮಿರುಗಬೇಕು, ತೊಟ್ಟಿಕ್ಕಬಾರದು.

ಪ್ರಶ್ನೆ: ಎಳ್ಳಿನ ಪೇಸ್ಟ್‌ಗೆ ನಿಂಬೆರಸ ಹಾಕಿದ ತಕ್ಷಣ ಗಟ್ಟಿ ಮುದ್ದೆಯಾಯಿತು. ಕೆಟ್ಟುಹೋಯಿತೇ?

ಇಲ್ಲ, ಅಲ್ಲಿಗೇ ನಿಲ್ಲಿಸಿದ್ದು ತಪ್ಪು. ಎಣ್ಣೆಯಂಶ ತುಂಬಿದ ಪೇಸ್ಟ್‌ಗೆ ಸ್ವಲ್ಪವೇ ನೀರು ಬಿದ್ದರೆ ಒಳಗಿನ ಕಣಗಳು ಅದನ್ನು ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನಷ್ಟು ನೀರು ಸೇರಿದಾಗ ಸಡಿಲಗೊಳ್ಳುತ್ತವೆ. ಕಾಲು ಕಪ್ ಪೇಸ್ಟ್‌ಗೆ ಎರಡು ದೊಡ್ಡ ಚಮಚ ನಿಂಬೆರಸ, ಕಾಲು ಟೀ ಚಮಚ ಉಪ್ಪು. ಮುದ್ದೆಯಾದ ಮೇಲೆ ತಣ್ಣೀರನ್ನು ಒಂದೊಂದೇ ಚಮಚ ಹಾಕುತ್ತಾ ಕಲಕಿ. ಮೂರು ನಾಲ್ಕು ದೊಡ್ಡ ಚಮಚದ ಹೊತ್ತಿಗೆ ಬಣ್ಣ ಬೆಳ್ಳಗಾಗಿ, ಕೆನೆಯಂತೆ ಸುರಿಯತೊಡಗುತ್ತದೆ.

ಪ್ರಶ್ನೆ: ಆಲಿವ್ ಎಣ್ಣೆಯ ಡ್ರೆಸ್ಸಿಂಗ್ ಮಿಕ್ಸಿಗೆ ಹಾಕಿದರೆ ಕಹಿಯಾಗುತ್ತದೆ. ಎಣ್ಣೆ ಹಳತೇ?

ಎಣ್ಣೆ ಹೊಸದಾಗಿದ್ದರೂ ಹೀಗಾಗುತ್ತದೆ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯಲ್ಲಿರುವ ಪಾಲಿಫಿನಾಲ್‌ಗಳಿಗೆ ಕಹಿ ಇದೆ. ಬ್ಲೇಡಿನ ವೇಗಕ್ಕೆ ಎಣ್ಣೆ ನುಣ್ಣಗೆ ಒಡೆದಾಗ ಆ ಕಹಿ ನಾಲಿಗೆಗೆ ಎದ್ದು ಕಾಣುತ್ತದೆ. ಮಿಕ್ಸಿಯಲ್ಲಿ ರುಚಿಯಿಲ್ಲದ ಸಾದಾ ಅಡುಗೆ ಎಣ್ಣೆ ಬಳಸಿ, ಆಲಿವ್ ಎಣ್ಣೆಯನ್ನು ಕೊನೆಗೆ ಕೈಯಿಂದ ಕಲಕಿ ಸೇರಿಸಿ.

ಪ್ರಶ್ನೆ: ಫ್ರಿಜ್‌ನಲ್ಲಿ ಲೆಟಿಸ್ ಬಾಡಿ ಸುಕ್ಕಾಗಿದೆ. ಎಸೆಯಬೇಕೇ?

ಲೋಳೆ ಬಂದಿದ್ದರೆ, ವಾಸನೆ ಇದ್ದರೆ ಎಸೆಯಿರಿ. ಬರೀ ಬಾಡಿದ್ದರೆ ಐಸ್ ಹಾಕಿದ ನೀರಿನಲ್ಲಿ 15 ನಿಮಿಷ ಮುಳುಗಿಸಿಡಿ. ಎಲೆ ನೀರು ಕುಡಿದು ಮತ್ತೆ ಗರಿಗರಿಯಾಗುತ್ತದೆ. ಆಮೇಲಿನ ಕೆಲಸವೇ ಮುಖ್ಯ: ಒಣಗಿಸುವುದು. ಒದ್ದೆ ಎಲೆಗೆ ಎಣ್ಣೆ ಹಿಡಿಯುವುದಿಲ್ಲ, ಜಾರಿ ತಳಕ್ಕಿಳಿಯುತ್ತದೆ. ದೊಡ್ಡ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಚಾಪೆಯಂತೆ ಸುತ್ತಿ, ಮೆಲ್ಲಗೆ ಒತ್ತಿ. ಎಲೆಯನ್ನು ಬೆರಳಲ್ಲಿ ಉಜ್ಜಿದಾಗ ಪಸೆ ತಾಗಬಾರದು.

ಡ್ರೆಸ್ಸಿಂಗ್ ತಾಗಿದ ಎಲೆ ಬಾಡಲು ಹುಳಿಗಿಂತ ಎಣ್ಣೆಯೇ ಹೆಚ್ಚು ಕಾರಣ. ಎಲೆಯ ಮೇಲಿನ ಮೇಣದ ಪೊರೆ ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯಲಾರದು. ಗಾಢ ಹಸಿರಿನ, ಬೆಳಕು ಹಾಯುವ ಮಚ್ಚೆಗಳು ಕಂಡವೆಂದರೆ ಎಣ್ಣೆ ಒಳಸೇರಿದೆ ಎಂದರ್ಥ. ಆದ್ದರಿಂದ ಬಡಿಸುವ ಐದು ನಿಮಿಷ ಮೊದಲು ಬೆರೆಸಿದರೆ ಸಾಕು.

ಪ್ರಶ್ನೆ: ಹಸಿ ಈರುಳ್ಳಿಯ ಘಾಟು ಉಳಿದೆಲ್ಲ ರುಚಿಯನ್ನೂ ನುಂಗುತ್ತದೆ.

ಹೆಚ್ಚಿದ ಮೇಲೆ 10 ನಿಮಿಷ ತಣ್ಣೀರಿನಲ್ಲಿಟ್ಟು ಬಸಿದು ಒರೆಸಿ. ಘಾಟು ಹುಟ್ಟುವುದು ಕತ್ತರಿಸಿದಾಗ ಒಡೆದ ಕೋಶಗಳಿಂದ. ಆದ್ದರಿಂದ ಚಾಕು ಹರಿತವಾಗಿರಲಿ, ಬುಡದಿಂದ ತುದಿಗೆ ಉದ್ದುದ್ದ ಹೆಚ್ಚಿ.

ಪ್ರಶ್ನೆ: ಮನೆಯಲ್ಲಿ ಮಾಡಿದ ಬ್ರೆಡ್ ಕ್ರೂಟಾನ್ (ಸಲಾಡ್ ಮೇಲೆ ಉದುರಿಸುವ ಗರಿಗರಿ ಬ್ರೆಡ್ ಚೂರು) ಮರುದಿನ ಮೆತ್ತಗಾಗುತ್ತದೆ. ಬಾದಾಮಿ ಹುರಿದರೆ ಸೀದು ಹೋಗುತ್ತದೆ.

ಕ್ರೂಟಾನ್‌ನ ಹೊರಗೆ ಬಣ್ಣ ಬಂದಿದೆ, ಒಳಗೆ ತೇವ ಉಳಿದಿದೆ. ಅದೇ ತೇವ ರಾತ್ರಿಯಿಡೀ ಹೊರಪದರಕ್ಕೆ ಹರಡುತ್ತದೆ. ಹಿಂದಿನ ದಿನದ ಬ್ರೆಡ್ಡನ್ನು 2 ಸೆಂ.ಮೀ. ಚೌಕಗಳಾಗಿ ಕತ್ತರಿಸಿ, ಎರಡು ಕಪ್ಪಿಗೆ ಒಂದೂವರೆ ದೊಡ್ಡ ಚಮಚ ಎಣ್ಣೆ, ಚಿಟಿಕೆ ಉಪ್ಪು ಬೆರೆಸಿ, 180 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ 12ರಿಂದ 15 ನಿಮಿಷ ಇಡಿ. ನಡುವೆ ಒಮ್ಮೆ ತಿರುವಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ. ಒಂದನ್ನು ಮುರಿದು ನೋಡಿ. ನಡುವೆ ಬಗ್ಗಿದರೆ ಇನ್ನೂ ಆಗಿಲ್ಲ. ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಿ, ಬಿಸಿಯಿರುವಾಗ ಮುಚ್ಚಿದರೆ ಹಬೆ ಅಲ್ಲೇ ನೀರಾಗುತ್ತದೆ.

ಬಾದಾಮಿ, ವಾಲ್‌ನಟ್, ಬೀಜಗಳು ಬೇಕೆನಿಸುವ ಬಣ್ಣಕ್ಕಿಂತ ತುಸು ಮೊದಲೇ ಒಲೆಯಿಂದ ಇಳಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೆ ಹುರಿಯುತ್ತಲೇ ಹೋಗುತ್ತವೆ. ಕೂಡಲೇ ತಣ್ಣನೆಯ ತಟ್ಟೆಗೆ ಸುರಿಯಿರಿ. ಗರಿಗರಿ ಟಾಪಿಂಗ್ ಯಾವುದೇ ಇರಲಿ, ಬೋಗುಣಿಗೆ ಬೆರೆಸದೆ ತಟ್ಟೆಗೆ ಬಡಿಸಿದ ಮೇಲೆ ಉದುರಿಸಿ.

ಪ್ರಶ್ನೆ: ಅನಾನಸ್, ಕಿವಿ ಹಣ್ಣಿನ ಸಲಾಡ್‌ಗೆ ಮೊಸರಿನ ಡ್ರೆಸ್ಸಿಂಗ್ ಹಾಕಿಟ್ಟರೆ ಸ್ವಲ್ಪ ಹೊತ್ತಿಗೇ ಕಹಿ ಬರುತ್ತದೆ. ಮೊಸರು ತಾಜಾ ಇತ್ತು.

ಮೊಸರಿನದು ತಪ್ಪಲ್ಲ. ಹಸಿ ಅನಾನಸ್‌ನ ಬ್ರೊಮೆಲಿನ್, ಕಿವಿಯ ಆಕ್ಟಿನಿಡಿನ್ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು. ಹಾಲಿನ ಪ್ರೋಟೀನ್ ಹೀಗೆ ತುಂಡಾದಾಗ ಕಹಿ ತುಣುಕುಗಳು ಹುಟ್ಟುತ್ತವೆ, ಮೊಸರೂ ತೆಳ್ಳಗಾಗುತ್ತದೆ. ಪಪ್ಪಾಯಿಯಲ್ಲೂ ಇಂಥದೇ ಕಿಣ್ವವಿದೆ. ಮೊಸರನ್ನು ತಿನ್ನುವ ಹೊತ್ತಿಗೆ ಮೇಲೆ ಹಾಕಿಕೊಳ್ಳುವುದು ಸುಲಭ ದಾರಿ. ಮೊದಲೇ ಬೆರೆಸಿಡಬೇಕೆಂದರೆ ಅನಾನಸ್ ಹೋಳುಗಳನ್ನು ಚೆನ್ನಾಗಿ ಕುದಿಸಿ ಆರಿಸಿ. ಶಾಖಕ್ಕೆ ಕಿಣ್ವ ಸಾಯುತ್ತದೆ. ಡಬ್ಬಿಯ ಅನಾನಸ್ ಈಗಾಗಲೇ ಬಿಸಿ ಕಂಡಿರುವುದರಿಂದ ತೊಂದರೆಯಿಲ್ಲ. ಸೇಬು, ದ್ರಾಕ್ಷಿ, ದಾಳಿಂಬೆಗೆ ಈ ಚಿಂತೆಯೇ ಬೇಡ.

ಪ್ರಶ್ನೆ: ಬೆಳಿಗ್ಗೆ ಕಟ್ಟಿದ ಸಲಾಡ್ ಮಧ್ಯಾಹ್ನಕ್ಕೆ ಚೆನ್ನಾಗಿರಲು ಏನು ಮಾಡಬೇಕು?

ಎತ್ತರದ ಜಾಡಿ ತೆಗೆದುಕೊಳ್ಳಿ. ತಳಕ್ಕೆ ಎರಡು ದೊಡ್ಡ ಚಮಚ ಡ್ರೆಸ್ಸಿಂಗ್, ಅದರ ಮೇಲೆ ನೆನೆದರೂ ಕೆಡದ ಕ್ಯಾರೆಟ್, ಬೆಂದ ಕಡಲೆ, ನಂತರ ಸೌತೆಕಾಯಿ, ಚೀಸ್, ತುತ್ತತುದಿಗೆ ಒಣಗಿದ ಸೊಪ್ಪು. ಜಾಡಿ ಓರೆಯಾದರೆ ಲೆಕ್ಕವೆಲ್ಲ ತಲೆಕೆಳಗು, ನೆಟ್ಟಗೆ ಇಡಿ. ಮೊಟ್ಟೆ, ಕೋಳಿ, ಮೇಯನೇಸ್ ಇದ್ದರೆ ಫ್ರಿಜ್‌ನಿಂದ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಪ್ರಶ್ನೆ: ರಾಜ್ಮಾವನ್ನು ಮೊಳಕೆ ಬರಿಸಿ ಹಸಿಯಾಗಿಯೇ ಸಲಾಡ್‌ಗೆ ಹಾಕಬಹುದೇ?

ಖಂಡಿತ ಬೇಡ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ವಾಂತಿ, ಭೇದಿ ತರುತ್ತದೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆಯಾದರೂ ಕೊತಕೊತ ಕುದಿಸಿ, ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿ. ಕುದಿ ಬಾರದ ಸಣ್ಣ ಕಾವಿನಲ್ಲಿ ಬೇಯಿಸುವುದು ಇನ್ನೂ ಅಪಾಯ. ಬೇರೆ ಮೊಳಕೆ ಕಾಳುಗಳಲ್ಲಿ ಈ ವಿಷದ ಭಯ ಅಷ್ಟಿಲ್ಲ, ಆದರೆ ಮೊಳಕೆಗೆ ಬೇಕಾದ ಬೆಚ್ಚಗಿನ ತೇವದಲ್ಲೇ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ತಿನ್ನುವುದಾದರೆ ಪೂರ್ತಿ ಬೇಯಿಸಿಯೇ ಹಾಕಿ.

ಪ್ರಶ್ನೆ: ಬೆಳ್ಳುಳ್ಳಿ ಹಾಕಿದ ಎಣ್ಣೆಯ ಡ್ರೆಸ್ಸಿಂಗ್ ಎಷ್ಟು ದಿನ ಇಡಬಹುದು?

ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ, ಹೊರಗೆ ಒಂದು ದಿನವೂ ಬೇಡ. ಎಣ್ಣೆಯೊಳಗೆ ಗಾಳಿಯಾಡದು, ಹಸಿ ಬೆಳ್ಳುಳ್ಳಿಯಲ್ಲಿರಬಹುದಾದ ಬೊಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಅದೇ ಬೇಕಾದ್ದು. ವಿಷ ಹುಟ್ಟಿದರೂ ವಾಸನೆ, ಬಣ್ಣದಲ್ಲಿ ಗೊತ್ತಾಗದಿರಬಹುದು. ತಣ್ಣಗೆ ಎಣ್ಣೆ ಹೆಪ್ಪುಗಟ್ಟಿದ್ದರೆ ಬಳಸುವ 15 ನಿಮಿಷ ಮೊದಲು ಹೊರತೆಗೆದು ಕುಲುಕಿ.